ಒಳಖೋಲಿಯ ಕ್ಯಾಲೆಂಡರ್

ಆ ರವಿವಾರ ಮುಂಜಾನೆ ನಮ್ಮ ಪಡಸಾಲಿಯಲ್ಲಿ ಒಂಬತ್ತು ಕೂಸುಗಳಿದ್ದವು. ಶೀಗಿ ಹುಣ್ಣಿಮೆ ಆಗಿ ನಾಲ್ಕು ದಿನ. ಯರಗುಪ್ಪಿಯ ಗಂಡಸರು ಕಡಲೆ ಬಿತ್ತಲು ಹೊಲಕ್ಕೆ ಹೋಗಿದ್ದರು. ನಮ್ಮ ಮನೆ ಮುಂದೆ ಮಾತ್ರ ಎರಡು ಟಂಟಂ, ಒಂದು ಟ್ರ್ಯಾಕ್ಟರ್ ನಿಂತಿದ್ದವು. ರವಿವಾರ ಅಂದರೆ ಯಾವಾಗಲೂ ಹಂಗೇ.

ನನ್ನ ಗಂಡ ಸಿದ್ಧಾರೂಢ ಮಕ್ಕಳ ಹಾರ್ಟಿನ ಡಾಕ್ಟರು. ಅದರಲ್ಲೂ ಹಾರ್ಟ್ ಸೋತ ಮಕ್ಕಳು. ಸೋತ ಹಾರ್ಟನ್ನು ಗುಳಿಗೆಯಿಂದ ನಡೆಸುವುದು, ಅದೂ ಆಗದಿದ್ದರೆ ಬೇರೆ ಹಾರ್ಟ್ ಹಾಕಿಸಲು ದೊಡ್ಡ ಊರಿಗೆ ಕಳಿಸುವುದು, ಹಾಕಿಸಿಕೊಂಡು ಬಂದ ಮೇಲೆ ಜೋಪಾನ ಮಾಡುವುದು. ವಾರವೆಲ್ಲ ಹುಬ್ಬಳ್ಳಿಯ ದವಾಖಾನಿಯಲ್ಲಿ. ರವಿವಾರ ಮನೆಯಲ್ಲಿ, ಸುತ್ತಿನ ಹಳ್ಳಿಯವರಿಗೆ.

ನನ್ನ ಕೆಲಸ ತೂಕ. ನಾನು ಏಳನೇ ಇಯತ್ತೆ ಕಲಿತವಳು. ಇಂಗ್ಲಿಷ್ ಬರುವುದಿಲ್ಲ. ಅಂಕಿ ಬರುತ್ತವೆ. ಒಂದು ಕೂಸಿನ ತೂಕ ಎರಡು ದಿನದಲ್ಲಿ ಅರ್ಧ ಕಿಲೋ ಏರಿತೆಂದರೆ ಅದು ಉಂಡು ಬೆಳೆದದ್ದಲ್ಲ, ಮೈಯಲ್ಲಿ ನೀರು ನಿಂತದ್ದು. ಹಾರ್ಟ್ ಸೋತರೆ ನೀರು ಹೊರಗೆ ಹೋಗುವುದಿಲ್ಲ. ಕಾಲು ಬಾಯುತ್ತವೆ. ಅಡ್ಡಾದರೆ ಉಸಿರು ಹಿಡಿಯುತ್ತದೆ. ಇಷ್ಟನ್ನು ಅವನೇ ನನಗೆ ಕಲಿಸಿದ್ದ. ಪ್ರತಿ ತಾಯಿಗೂ ಹೇಳುತ್ತಿದ್ದ: "ದಿನಾ ಮುಂಜಾನೆ, ಬರಿಗಾಲಿಲೆ, ಚಹಾ ಕುಡಿಯೂಕಿಂತ ಮೊದಲ ತೂಕಾ ಮಾಡ್ರಿ. ಕ್ಯಾಲೆಂಡರಿನ್ಯಾಗ ಬರೀರಿ. ಏರಿದ್ರ ನನಗ ಫೋನ್ ಹಚ್ಚರಿ, ದೇವರಿಗೆ ಆಮ್ಯಾಲ."

ಆ ದಿನ ಮೊರಬದ ಮರೆವ್ವ ತನ್ನ ಮಗ ಹುಲಿಗೇಶನನ್ನು ಕರೆತಂದಿದ್ದಳು. ಆರು ವರ್ಷದ ಹುಡುಗ, ಹದಿನಾಲ್ಕು ಕಿಲೋ. ಬೇರೆ ಹಾರ್ಟಿಗೆ ಹೆಸರು ಹಚ್ಚಿ ಏಳು ತಿಂಗಳಾಗಿತ್ತು. ನಾನು ಅವನನ್ನು ಮಷೀನಿನ ಮೇಲೆ ನಿಲ್ಲಿಸಿದೆ. ಒಂದು ಕಿಲೋ ಏರಿತ್ತು.

ಹುಡುಗನ ಅಜ್ಜ ಉಡಚಪ್ಪ ಬಾಗಿಲಲ್ಲಿ ನಿಂತು ಕರೆದ. "ಸಾಹೇಬ್ರ, ಒಂದೀಟ ಹೊರಗ ಬರ್ರಿ. ಗಿಡದ ಕೆಳಗ ಮಾತಾಡೂಣು."

ನಮ್ಮ ಕಡೆ ಹಂಗೆ. ಕೆಟ್ಟ ಸುದ್ದಿ ಇದ್ದರೆ ಗಂಡಸರು ಡಾಕ್ಟರನ್ನು ಹೊರಗೆ ಕರೆಯುತ್ತಾರೆ. ಗಿಡದ ಕೆಳಗೆ ನಿಂತು ಕೇಳಿಕೊಳ್ಳುತ್ತಾರೆ. ಒಳಗೆ ಬಂದು ಹೆಂಗಸರಿಗೆ 'ಏನೂ ಇಲ್ಲ, ಆರಾಮ ಆಗತೈತಿ' ಅನ್ನುತ್ತಾರೆ.

"ನಾ ಗಿಡದ ಕೆಳಗ ಮಾತಾಡಂಗಿಲ್ಲ ಉಡಚಪ್ಪ," ಅಂದ ನನ್ನ ಗಂಡ. "ಗಿಡಕ್ಕ ಮಗಾ ಇಲ್ಲ. ಮರೆವ್ವಗ ಅದಾನ."

"ಹೆಣ್ಣ ಹೆಂಗಸು ಅಂಜತಾಳ್ರಿ."

"ಅಂಜಲಿ. ರಾತ್ರಿ ಎದ್ದ ಉಸರ ನೋಡಾಕಿ ಅಕಿ. ಗುಳಿಗಿ ಹಾಕಾಕಿ ಅಕಿ. ನೀ ಕಟ್ಟಿ ಮ್ಯಾಲ ಎಲಿ ಅಡಿಕಿ ತಿಂತಿ. ನಿನಗ ಹೇಳಿ ನಾ ಏನ ಮಾಡ್ಲಿ?"

ಒಳಗಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಉಡಚಪ್ಪನೂ ನಕ್ಕು ಬಂದು ಕೂತ.

ಆಮೇಲೆ ನನ್ನ ಗಂಡ ಕುರ್ಚಿ ಬಿಟ್ಟು ನೆಲದ ಮೇಲೆ ಮರೆವ್ವನ ಎದುರಿಗೆ ಕೂತ. ಕೆಟ್ಟದ್ದನ್ನು ಹೇಳುವಾಗ ಎಂದೂ ಮೇಲೆ ಕೂಡುತ್ತಿರಲಿಲ್ಲ. ಮೊದಲು ಕೇಳುವುದು ಒಂದೇ ಮಾತು.

"ಏನ ಉಂಡಿ ಬೇ ಮುಂಜಾನೆ?"

"ಇಲ್ರಿ."

"ರೇವೂ, ಇಕಿಗೆ ಅರ್ಧಾ ರೊಟ್ಟಿ ಕೊಡು. ಹಸದ ಹೊಟ್ಟಿಗೆ ನಾ ಹೇಳಂಗಿಲ್ಲ."

ಅವಳು ಉಂಡ ಮೇಲೆ ಹೇಳಿದ. "ನೋಡ ತಂಗಿ, ಇವನ ಹಾರ್ಟ್ ದಣದೈತಿ. ನಾಳೆ ದವಾಖಾನಿಗೆ ಕರಕೊಂಡ ಬಾ, ನೀರ ತಗೀತೇವಿ. ಹೊಸಾ ಹಾರ್ಟ್ ಯಾವಾಗ ಬರತೈತಿ ನನಗೂ ಗೊತ್ತಿಲ್ಲ. ನಾ ಬಸ್‌ಸ್ಟ್ಯಾಂಡಿನ್ಯಾಗ ಇವನ ಕೈ ಹಿಡಕೊಂಡ ನಿಂತೇನಿ. ಬಸ್ಸ ಬರೂ ತನಕ ಬಿಡಂಗಿಲ್ಲ. ಬಸ್ಸ ಬರದನ ಇರಬೌದು. ಅದನ್ನೂ ಹೇಳತೇನಿ."

ಮರೆವ್ವ ಅತ್ತಳು. ಅಳು ಮುಗಿಯುವ ತನಕ ಅವನು ಏಳಲಿಲ್ಲ.

ಹುಲಿಗೇಶ ಮಾತ್ರ ಮಷೀನು ಬಿಟ್ಟು ಇಳಿದಿರಲಿಲ್ಲ. "ಸಾಹೇಬ್ರ, ಎಲ್ಲಾರೂ ನಿಂತ್ರು. ನೀವೂ ನಿಂದರ್ರಿ. ನೀವ ಎಷ್ಟ ಕೇಜಿ ಅದೀರಿ?"

"ನಂದ ಮುಂಜಾನೆ ಆಗೈತೋ ಹುಲಿ," ಅಂದ.

ನಾನು ಅಲ್ಲೇ ಇದ್ದೆ. ಕೇಳಿದೆ. ಹುಡುಗನಿಗೆ ಚಾಷ್ಟಿ ಮಾಡಿದ ಅಂತ ತಿಳಿದು ನಕ್ಕೆ.

ಮಧ್ಯಾಹ್ನ ಒಂದು ರೊಟ್ಟಿ ಉಂಡ. ಉಪ್ಪಿನಕಾಯಿ ಮುಟ್ಟಲಿಲ್ಲ. ಸಂಜೆ ಮಗಳು ಶೈಲಶ್ರೀಗೆ ಮೊಬೈಲಿನಲ್ಲಿ ಏನೋ ತೋರಿಸಿ ನಗಿಸಿದ. ಗುಬ್ಬಿಗೆ ಇಟ್ಟ ನೀರಿನ ಬಟ್ಟಲು ಒಡೆದಿದೆ, ಹೊಸದು ತಾ ಅಂದೆ. ನಾಳೆ ತರುತ್ತೇನೆ ಅಂದ.

ನಾಳೆ ಸೋಮವಾರ. ಮುಂಜಾನೆ ಹನ್ನೊಂದಕ್ಕೆ ದವಾಖಾನಿಯ ಪಾವಟಿಗೆ ಹತ್ತುವಾಗ ಬಿದ್ದು ಸತ್ತ.

ಸಿದ್ಧಾರೂಢ ನನಗೆ ಗಂಡ ಆಗುವುದಕ್ಕಿಂತ ಮೊದಲು ಸೋದರಮಾವ. ನನ್ನ ಅವ್ವನ ತಮ್ಮ. ನಾನು ಹುಟ್ಟಿದ ದಿನವೇ 'ಇಕಿ ನಮ್ಮ ಮನಿಯಾಕಿ' ಅಂತ ಅಜ್ಜಿ ಅಂದಳಂತೆ. ತನ್ನ ಹೆಸರನ್ನೇ ಇಟ್ಟಳು, ರೇವವ್ವ ಅಂತ. ಸಣ್ಣವಳಿದ್ದಾಗಿನಿಂದ ನಾನು ಅವನಿಗೆ 'ಮಾಮಾ, ನೀ' ಅಂದವಳು. ಲಗ್ನ ಆದ ಮೇಲೆ 'ನೀವು' ಅನ್ನು ಅಂತ ಅವ್ವ ಬಡಿದಳು. ನಾಲ್ಕು ಮಂದಿಯ ಮುಂದೆ ಅಂದೆ. ಮನೆಯಲ್ಲಿ ಬಾಯಿಗೆ ಬರಲಿಲ್ಲ. ಅವನೂ ಬೇಡ ಅಂದ.

ಅವನು ಡಾಕ್ಟರಕಿ ಓದುವಾಗ ನಾನು ಶೇಂಗಾ ಸುಲಿಯುತ್ತಿದ್ದೆ. ಲಗ್ನದ ಹೊತ್ತಿಗೆ ಅವನಿಗೆ ಇಪ್ಪತ್ತೇಳು, ನನಗೆ ಹದಿನೆಂಟು. ಕಲಿತ ಹುಡುಗಿಯನ್ನು ಮಾಡಿಕೊಳ್ಳುತ್ತಾನೆ ಅಂತ ಊರೆಲ್ಲ ಅಂದಿತ್ತು. ಮಾಡಿಕೊಳ್ಳಲಿಲ್ಲ. ಅಕ್ಕನಿಗೆ ಕೊಟ್ಟ ಮಾತು ಅಂದ. ಲಗ್ನ ಆಗಿ ನಾಲ್ಕು ವರ್ಷಕ್ಕೆ ಚೆನ್ನೈಗೆ ಹೋದೆವು, ಈ ಹಾರ್ಟಿನ ಕೆಲಸ ಕಲಿಯಲು. ಒಂದೇ ಖೋಲಿ. ಕೂಸು ಸತ್ತ ದಿನ ಬೂಟು ಬಿಚ್ಚದೆ ಹೊಸ್ತಿಲ ಮೇಲೆ ಕೂಡುತ್ತಿದ್ದ. ನಾನು ಬಾಜು ಕೂಡುತ್ತಿದ್ದೆ. ಕೂಸಿನ ಹೆಸರು ಹೇಳುತ್ತಿದ್ದ. ಅಷ್ಟೇ. ನಾನು ಬೂಟು ಬಿಚ್ಚುತ್ತಿದ್ದೆ. ಅವನ ಕೈಯಲ್ಲಿ ಸತ್ತ ಎಷ್ಟೋ ಕೂಸುಗಳ ಹೆಸರು ನನಗೆ ಇವತ್ತಿಗೂ ಬರುತ್ತವೆ.

ಸುಳ್ಳು ಹೇಳುತ್ತಿರಲಿಲ್ಲ. ಮರೆವ್ವ ಬೇರೆ ಹಾರ್ಟ್ ಬರಲಿ ಅಂತ ಎಲ್ಲವ್ವಗೆ ಹರಕೆ ಹೊತ್ತಾಗ ಬೈದಿದ್ದ. "ಹಂಗ ಬೇಡಕೋಬ್ಯಾಡ ಬೇ. ನಿನ್ನ ಹುಡುಗ್ಗ ಹಾರ್ಟ್ ಬರಬೇಕಂದ್ರ ಇನ್ನೊಬ್ಬಾಕಿ ಹುಡುಗ ಸಾಯಬೇಕು. ಇಂವ ತಡಕೊಳ್ಳಲಿ ಅಂತ ಬೇಡಕೊ. ಅಷ್ಟ ಸಾಕು." ದೇವಿಕೊಪ್ಪದ ಒಂದು ಹುಡುಗಿಗೆ ಹಾರ್ಟ್ ಹಾಕಿಸಿದ್ದ. ಓಡುತ್ತಾ ಬಂದು ನಮ್ಮ ಕಟ್ಟೆ ಹತ್ತಿದಳು. ಎಲ್ಲರೂ ಚಪ್ಪಾಳೆ ಹೊಡೆದರು. ಅವನು ಅವಳ ಅವ್ವನನ್ನು ಕೂಡಿಸಿಕೊಂಡು, ಇದು ಗೆದ್ದದ್ದಲ್ಲ, ಇನ್ನು ಸಾಯುವ ತನಕ ಗುಳಿಗೆ, ದನದ ಕೊಟ್ಟಿಗೆಗೆ ಬಿಡಬೇಡ, ನಂಜು ಹತ್ತುತ್ತದೆ, ಒಂದು ದಿನ ತಪ್ಪಿದರೂ ಮೈ ಆ ಹಾರ್ಟನ್ನು ಹೊರಗೆ ನೂಕುತ್ತದೆ ಅಂದ. ಹಬ್ಬದಂಥಾ ದಿನ ಹಂಗ ಯಾಕ ಅಂದಿ ಅಂತ ನಾನು ಕೇಳಿದೆ. "ಇವತ್ತ ಹೇಳಲಿಲ್ಲಂದ್ರ ನಾಳೆ ಅಕಿ ನನ್ನ ಮಾರಿಗೆ ಉಗುಳತಾಳ," ಅಂದ.

ಒಮ್ಮೆ ಬೀಗಸ್ತನದ ಮಾತಿಗೆ ಬಂದ ಮಂದಿಗೆ ಹೇಳುತ್ತಿದ್ದ, ರಕ್ತಸಂಬಂಧದಲ್ಲಿ ಹೆಣ್ಣು ಕೊಡಬೇಡಿರಿ, ಕೂಸುಗಳಿಗೆ ತೊಂದರೆ ಅಂತ. ಅವರು ಕೇಳಿದರು, "ನೀವ ಅಕ್ಕನ ಮಗಳನ್ನ ಮಾಡಕೊಂಡೀರಲ್ರಿ?" ಅವನು ಅಂದ, "ನಾ ತಪ್ಪಿದೆ. ನೀವ ತಪ್ಪಬ್ಯಾಡ್ರಿ." ನಾನು ಚಹಾದ ತಾಟು ಹಿಡಿದು ಬಾಗಿಲ ಹಿಂದೆ ಇದ್ದೆ. ಎರಡು ದಿನ ರೊಟ್ಟಿ ಇಟ್ಟೆ, ಮಾತಾಡಲಿಲ್ಲ. ಮೂರನೆಯ ದಿನ ಅಂದ, "ನಿನಗಲ್ಲಲೇ ಅಂದದ್ದು, ಲಗ್ನಕ್ಕ." ನಿಜ ಹೇಳುವ ಗಂಡಸು, ಚುಚ್ಚುತ್ತದೆ, ಇರಲಿ ಅಂತ ಬಿಟ್ಟೆ.

ನಿಜ ಹೇಳುವ ಗಂಡಸು. ಇಪ್ಪತ್ತೈದು ವರ್ಷ ಇದನ್ನು ನಂಬಿದೆ.

ಆ ಸೋಮವಾರ ನಾನು ಒಲೆಯ ಮುಂದೆ ಇದ್ದೆ. ಹೊರಗೆ ಜೋಡು ಮೆಟ್ಟಿದ ಕಾಲಿನ ಸಪ್ಪಳ ಕೇಳಿಸಿತು. ಎದ್ದು ನೋಡಿದರೆ ಬೇವಿನ ಗಿಡದ ಕೆಳಗೆ ಗಂಡಸರು ನಿಂತಿದ್ದರು. ಏಳೆಂಟು ಮಂದಿ. ನನ್ನ ಮೈದುನ ಸಂಗನಬಸವ ನಡುವೆ. ಅವನೂ ನನಗೆ ಸೋದರಮಾವನೇ, ಸಣ್ಣಮಾಮಾ ಅನ್ನುತ್ತೇನೆ. ಫೋನು ಕೈಯಲ್ಲಿ. ನನ್ನ ಕಡೆ ನೋಡಿದ, ತಲೆ ತಿರುಗಿಸಿದ. ಯಾರೂ ಒಳಗೆ ಬರಲಿಲ್ಲ.

ಗಿಡದ ಕೆಳಗೆ ನಿಂತದ್ದು ನೋಡಿಯೇ ನನಗೆ ಗೊತ್ತಾಯಿತು.

"ಏನಾಗೇತಿ ಸಣ್ಣಮಾಮಾ?"

"ಏನಿಲ್ಲ. ತಲಿ ತಿರಗೇತಂತ. ನೀ ಒಳಗ ನಡಿ."

ಆಗಲೇ ಸತ್ತು ಅರ್ಧ ತಾಸಾಗಿತ್ತು.

ಮನೆಗೆ ತಂದರು. ನಮ್ಮಲ್ಲಿ ಕೂಡಿಸಿ ಮಣ್ಣು ಮಾಡುತ್ತಾರೆ. ಮೈ ತೊಳೆದು, ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗ ಇಟ್ಟು ಕೂಡಿಸುತ್ತಾರೆ. ಪಾದ ತೊಳೆ ಅಂತ ನನ್ನನ್ನು ಕರೆದರು. ಬೂಟು ಬಿಚ್ಚಿದೆ. ಕಾಲುಚೀಲ ಬಿಚ್ಚಿದೆ. ಚೀಲದ ರಬ್ಬರು ಕೂತ ಜಾಗ ಹಗ್ಗ ಬಿಗಿದಂತೆ ಒಳಗೆ ಹೋಗಿತ್ತು. ಅದರ ಮೇಲೆ ಕಾಲು ಬಾತಿತ್ತು. ಹೆಬ್ಬೆಟ್ಟಿನಿಂದ ಒತ್ತಿದೆ. ಕುಳಿ ಬಿತ್ತು. ಏಳಲಿಲ್ಲ.

ನೂರು ಕೂಸುಗಳ ಕಾಲು ಒತ್ತಿ ನೋಡಿದ್ದೇನೆ. ಇದೇನು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ನೀರಿನ ತಂಬಿಗೆ ಕೈಯಲ್ಲೇ ಉಳಿಯಿತು. ಆರು ತಿಂಗಳಿಂದ ಮನೆಯಲ್ಲೂ ಕಾಲುಚೀಲ ಹಾಕುತ್ತಿದ್ದ. ನೆಲ ತಣ್ಣಗಿದೆ ಅಂದ. ಒಂದು ತಲೆದಿಂಬು ಎರಡಾಯಿತು, ಎರಡು ಮೂರಾಯಿತು. ಪಿತ್ತ ಅಂದ. ಉಪ್ಪು ಬಿಟ್ಟ. ಬಿಪಿ ಅಂದ. ಇವೇ ಗುರುತು ಯಾವ ಕೂಸಿನಲ್ಲಿ ಕಂಡರೂ ನಾನು ಅದರ ತಾಯಿಗೆ 'ತಡಾ ಮಾಡಬ್ಯಾಡ' ಅನ್ನುತ್ತಿದ್ದೆ. ಅವನಲ್ಲಿ ಕಂಡಾಗ ಅನ್ನಲಿಲ್ಲ. ಡಾಕ್ಟರು ಅವನು. ಪಿತ್ತ ಅಂದರೆ ಪಿತ್ತ.

ಮರೆವ್ವ ಎದೆ ಬಡಿದುಕೊಂಡು ಅತ್ತಳು. "ನನಗ ಎಲ್ಲಾ ಹೇಳತಿದ್ದಿಯಲ್ಲೋ ಎಪ್ಪಾ, ಯಾರೂ ಹೇಳದ್ದ ಹೇಳತಿದ್ದಿಯಲ್ಲೋ!" ಅಂದಳು. ಹೌದು. ಅವಳಿಗೆ ಹೇಳುತ್ತಿದ್ದ.

ಐದನೆಯ ದಿನ ಗಣಾರಾಧನೆ ಮುಗಿಯಿತು. ಮಂದಿ ಹೋದರು. ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಹಾಕಿದ್ದರು. ಅವನ ಫೋಟೋ, ಕೆಳಗೆ 'ತಾಯಂದಿರಿಗೆ ಎಂದೂ ಸುಳ್ಳು ಹೇಳದ ಡಾಕ್ಟರಿಗೆ ಶ್ರದ್ಧಾಂಜಲಿ' ಅಂತ. ಹಾಲು ತರಲು ಹೋದಾಗ ಓದಿದೆ. ಓದಲು ಬಾರದಿದ್ದರೆ ಚೆನ್ನಾಗಿತ್ತು.

ಒಳಖೋಲಿ ಅವನದು. ಪುಸ್ತಕ ಇಡುತ್ತಿದ್ದ. ಕಸ ತಾನೇ ಹೊಡೆಯುತ್ತಿದ್ದ, ಕಾಗದ ಕಲೆತುಹೋಗುತ್ತವೆ ಅಂತ. ಮುಂಜಾನೆ ಐದು ನಿಮಿಷ ಬಾಗಿಲು ಹಾಕಿಕೊಳ್ಳುತ್ತಿದ್ದ. ಬಟ್ಟೆ ಬದಲಿಸುತ್ತಾನೆ ಅಂತ ನಾನು ತಿಳಿದಿದ್ದೆ. ಆರನೆಯ ದಿನ ಕಸಬರಿಗೆ ಹಿಡಿದು ಒಳಗೆ ಹೋದೆ.

ಬಾಗಿಲ ಹಿಂದೆ ಒಂದು ತೂಕದ ಮಷೀನು ಗೋಡೆಗೆ ಆನಿಸಿತ್ತು. ಗಾಜಿನದು. ಪಡಸಾಲಿಯದಲ್ಲ, ಬೇರೆ. ಅದರ ಮೇಲೆ ಮೊಳೆಗೆ ಒಂದು ಕ್ಯಾಲೆಂಡರ್. ಪ್ರತಿ ತಾರೀಖಿನ ಮೂಲೆಯಲ್ಲಿ ಸಣ್ಣ ಅಂಕಿ, ಅವನ ಅಕ್ಷರ. ಜನವರಿಯಲ್ಲಿ ಅರವತ್ತೊಂದು. ಮೇ ತಿಂಗಳಲ್ಲಿ ಅರವತ್ತೆರಡು ಪಾಯಿಂಟ್ ಐದು. ಕಡೆಯ ವಾರ ಅರವತ್ನಾಲ್ಕು, ಅರವತ್ನಾಲ್ಕು ಪಾಯಿಂಟ್ ಎಂಟು, ಅರವತ್ತೈದೂವರೆ. ರವಿವಾರ ಅರವತ್ತಾರು ಪಾಯಿಂಟ್ ಮೂರು. ಹುಲಿಗೇಶ ಕೇಳಿದ್ದು ಅವತ್ತೇ. ಸೋಮವಾರದ್ದೂ ಬರೆದಿದ್ದ, ಅರವತ್ತೇಳು.

ಕ್ಯಾಲೆಂಡರಿನ ಹಿಂದೆ ಹೋದ ವರ್ಷದ್ದು. ಅದರ ಹಿಂದೆ ಅದರ ಹಿಂದಿನ ವರ್ಷದ್ದು. ನಾಲ್ಕು.

ಇದನ್ನು ಓದಲು ಇಂಗ್ಲಿಷ್ ಬೇಕಾಗಿರಲಿಲ್ಲ. ಅವನೇ ಕಲಿಸಿದ್ದ.

ದವಾಖಾನಿಯಲ್ಲಿ ಅವನ ಕಾರು ನಡೆಸುತ್ತಿದ್ದವನು ಹೊಳೆಪ್ಪ. ಅರವತ್ತರ ಹತ್ತಿರದವನು. ಸಿದ್ಧಾರೂಢನ ಚೀಲ ತಂದುಕೊಡಲು ಆ ದಿನವೇ ಮಧ್ಯಾಹ್ನ ಬಂದ. ಚೀಲ ನನಗೆ ಕೊಡಲಿಲ್ಲ. "ಸಂಗನಬಸವಣ್ಣಾರ ಎಲ್ಲಿ ಅದಾರ್ರಿ ಅಕ್ಕಾರ?" ಅಂದ.

"ನನ್ನ ಗಂಡನ ಚೀಲ, ಅವನಿಗ್ಯಾಕ?"

"ಅವರ ಕೈಯಾಗ ಕೊಡು ಅಂತ ಸಾಹೇಬ್ರು ಮೊದಲ ಹೇಳಿಟ್ಟಿದ್ರು."

"ಮೊದಲ ಅಂದ್ರ? ಸಾಯೂಕಿಂತ ಮೊದಲ?"

ಹೊಳೆಪ್ಪ ನೆಲ ನೋಡಿದ. ನಾನು ಕ್ಯಾಲೆಂಡರ್ ತಂದು ಅವನ ಮುಂದೆ ಒಗೆದೆ. ಅವನು ಚೀಲ ಬಿಟ್ಟು ಕಟ್ಟೆಯ ಮೇಲೆ ಕೂತು ಟವೆಲಿನಿಂದ ಮಾರಿ ಮುಚ್ಚಿಕೊಂಡ. ಚೀಲದಲ್ಲಿ ಮೂರು ಫೈಲು. ಮೇಲೆ ಇಂಗ್ಲಿಷಿನಲ್ಲಿ ಹೆಸರು. ಅಷ್ಟು ಅಕ್ಷರ ನನಗೆ ಬರುತ್ತವೆ. ಒಂದು ಅವನದು. ಒಂದು ನನ್ನದು. ಒಂದು ಶೈಲಶ್ರೀಯದು.

ಸಂಗನಬಸವ ಬಂದ. ಫೈಲು ನೋಡಿ ನಿಂತಲ್ಲೇ ನಿಂತ.

"ಎಷ್ಟ ವರ್ಷ ಆತು ಸಣ್ಣಮಾಮಾ ನಿನಗ ಗೊತ್ತಾಗಿ?"

"ರೇವೂ, ಅಂವ ಆಣಿ ಮಾಡಿಸಿಕೊಂಡಿದ್ದ."

"ಎಷ್ಟ ವರ್ಷ?"

"ನಾಕ."

"ನಾಕ ವರ್ಷ ನನ್ನ ಕೈಯಾಗ ಉಂಡಿ. ಎಲ್ಲಿ ಮಾತಾಡತಿದ್ರಿ ಇಬ್ಬರೂ? ಗಿಡದ ಕೆಳಗನ?"

ಇಬ್ಬರು ಅಣ್ಣತಮ್ಮಂದಿರು ಬೇವಿನ ಗಿಡದ ಕೆಳಗೆ ನಿಂತದ್ದನ್ನು ನಾನು ಎಷ್ಟು ಸಲ ನೋಡಿದ್ದೇನೆ. ಹೊಲದ ಮಾತು ಅಂದುಕೊಂಡು ಚಹಾ ಕೊಟ್ಟು ಬಂದಿದ್ದೇನೆ.

"ಹೆಗಲೆಲಬಿನ ಕೆಳಗ ಒಂದ ಮಷೀನ ಕೂಡಸ್ತಾರಂತ," ಅಂದ ಸಂಗನಬಸವ. "ಹಾರ್ಟ್ ತಪ್ಪಿದ್ರ ಅದ ಹೊಡದ ನಡಸತೈತಿ. ಕೂಡಿಸ್ಕೊ ಅಂತ ಅವನ ದವಾಖಾನಿ ಡಾಕ್ಟರ್ ಮೇಡಂ ಹೇಳಿ ಹೇಳಿ ಸಾಕಾದ್ರು."

"ಮತ್ಯಾಕ ಕೂಡಿಸ್ಕೊಳ್ಳಿಲ್ಲ?"

"ಗಾಯಾ ಕಾಣತೈತಿ ಅಂದ. ನಿನಗ ಗೊತ್ತಾಗತೈತಿ ಅಂದ. ಶೈಲೂನ ಪರೀಕ್ಷಾ ಮುಗೀಲಿ ಅಂದ. ಬ್ಯಾಸಿಗಿ ಮುಗೀಲಿ ಅಂದ."

ನನಗೆ ಗೊತ್ತಾಗುತ್ತದೆ ಅಂತ ಸತ್ತ. ಅದನ್ನು ಕೇಳಿದ ಮೇಲೆ ನಾನು ಅಳುವುದು ಬಿಟ್ಟೆ. ಇವತ್ತಿನ ತನಕ ಅತ್ತಿಲ್ಲ.

ಮರುದಿನ ಮೂರೂ ಫೈಲು ಬಗಲಲ್ಲಿ ಹಿಡಿದು ಬಸ್ಸು ಹತ್ತಿದೆ. ಹುಬ್ಬಳ್ಳಿಯಲ್ಲಿ ಅವನ ಸಂಗಡ ಕೆಲಸ ಮಾಡುವ ರಾಜೇಶ್ವರಿ ಮೇಡಂ ಇದ್ದಾರೆ, ದೊಡ್ಡವರ ಹಾರ್ಟಿನ ಡಾಕ್ಟರು. ಅವರು ಬಾಗಿಲು ಹಾಕಿ, ನನ್ನ ಬಾಜು ಕುರ್ಚಿ ಎಳೆದುಕೊಂಡು ಕೂತರು.

"ಇದು ನಿಮ್ಮ ಮನೆತನದಾಗ ಬಂದದ್ದು ಅಕ್ಕಾರ. ಹಾರ್ಟಿನ ಮಾಂಸಾ ತೆಳ್ಳಗಾಗಿ ಹಿಗ್ಗತೈತಿ. ಅವರ ಅಪ್ಪಾರು ಹೆಂಗ ತೀರಿದ್ರು?"

ನನ್ನ ಅಜ್ಜ ಮಡಿವಾಳೆಪ್ಪ. ನಲವತ್ತೆಂಟಕ್ಕೆ ಹೊಲದಲ್ಲಿ ಬಿದ್ದು ಸತ್ತಿದ್ದ. ಗಾಳಿ ಬಡಿಯಿತು ಅಂದಿದ್ದರು. ನನ್ನ ಅವ್ವ ಗೋಡೆಗೆ ಆನಿಕೊಂಡು ಕೂತೇ ಸತ್ತಳು. ದಮ್ಮು ಅಂದಿದ್ದರು. ಹೇಳಿದೆ. ಮೇಡಂ ತಲೆ ಆಡಿಸಿದರು.

"ನಂದೇನೈತ್ರಿ?" ಕೇಳಿದೆ. ಎರಡು ವರ್ಷದ ಹಿಂದೆ ಅವನು ನನ್ನನ್ನು ದವಾಖಾನಿಗೆ ಕರೆದೊಯ್ದಿದ್ದ. ಹೊಸ ಮಷೀನು ಬಂದಿದೆ, ಒಬ್ಬರ ಮೇಲೆ ನಡೆಸಿ ನೋಡಬೇಕು, ಮಲಗು ಅಂದಿದ್ದ. ನಾನು ನಕ್ಕು ಮಲಗಿದ್ದೆ. ಆಮೇಲೆ ಶೈಲೂನನ್ನೂ ಹಂಗೇ ಮಲಗಿಸಿದ್ದ.

"ನಿಮ್ಮದು ಚೊಲೋ ಐತ್ರಿ."

"ಶೈಲೂಂದು?"

ಮೇಡಂ ಶೈಲೂನ ಫೈಲು ತೆರೆದು ನನ್ನ ಮುಂದೆ ಇಟ್ಟರು. "ಸುರು ಆಗೇತಿ. ಭಾಳ ಸಣ್ಣದು. ಗುಳಿಗಿ ತಗೊಂಡ್ರ ಎಷ್ಟೋ ವರ್ಷ ಹಂಗ ಹಿಡದಿಡಬೌದು. ಎಂಟ ತಿಂಗಳಾತು, ಗುಳಿಗಿ ಸುರು ಮಾಡೀನಿ ಅಂತ ಸರ್ ನನಗ ಹೇಳಿದ್ರು. ತಗೋತಾಳಲ್ರಿ?"

ಗುಳಿಗೆ. ಚಹಾದ ಸಂಗಡ ದಿನಾ ಮಗಳ ಕೈಯಲ್ಲಿ ಇಡುತ್ತಿದ್ದ. 'ರಕ್ತ ಕಡಿಮಿ ಐತಿ, ವಿಟಮಿನ್ನು' ಅನ್ನುತ್ತಿದ್ದ. ತನ್ನ ಚೀಲದಿಂದ ತೆಗೆದು ಕೊಡುತ್ತಿದ್ದ. ಅವನು ಸತ್ತ ದಿನದಿಂದ ಯಾರು ಕೊಟ್ಟರು? ಯಾರಿಗೆ ಗೊತ್ತಿತ್ತು? ಏಳು ದಿನ ನನ್ನ ಮಗಳು ಗುಳಿಗೆ ಇಲ್ಲದೆ ಇದ್ದಳು. ಅಪ್ಪನನ್ನು ಕೂಡಿಸಿದ ಕಟ್ಟೆಯ ಮುಂದೆ ಊಟ ನಿದ್ದೆ ಬಿಟ್ಟು ಕೂತಿದ್ದಳು.

'ಒಂದ ದಿನಾ ತಪ್ಪಸಬ್ಯಾಡ' ಅಂತ ದೇವಿಕೊಪ್ಪದ ಹುಡುಗಿಯ ಅವ್ವನಿಗೆ ಹೇಳಿದವನು. ನಾನು ಯಾರ ಅವ್ವ?

ಮೇಡಂ ಗುಳಿಗೆ ಬರೆದು ಕೊಟ್ಟರು. ಔಷಧದ ಅಂಗಡಿಯವನು ಎಷ್ಟು ದಿನಕ್ಕೆ ಬೇಕು ಅಂದ. ಎಷ್ಟು ಇವೆಯೋ ಅಷ್ಟು ಕೊಡು ಅಂದೆ.

ಮನೆಗೆ ಬಂದರೆ ಸಂಗನಬಸವ ಕಟ್ಟೆಯ ಮೇಲೆ ಕಾಯುತ್ತಿದ್ದ. "ರೇವೂ, ಆದದ್ದ ಆತು. ಹುಡುಗಿಗೆ ಹೇಳಬ್ಯಾಡ."

"ಮತ್ತ?"

"ನೀನೂ ವಿಟಮಿನ್ ಅಂತನ ಕೊಡು. ಅಂವ ಕೊಟ್ಟಂಗ. ಅಕಿಗೆ ಹತ್ತೊಂಬತ್ತ. ವರ್ಷ ಎರಡ ವರ್ಷಕ್ಕ ಬೀಗರು ಬರತಾರ. ಹಾರ್ಟ್ ಬ್ಯಾನಿ ಐತಿ ಅಂತ ಊರಾಗ ಹೊಂಟ್ರ ಯಾರ ಮಾಡಕೋತಾರ? ಅಪ್ಪ ಇಲ್ಲದ ಹುಡುಗಿ. ಈಗ ಮೊದಲ ಅತ್ತ ಅತ್ತ ಸೊರಗ್ಯಾಳ. ಸ್ವಲ್ಪ ದಿನಾ ಹೋಗ್ಲಿ."

ಅವನು ಕೆಟ್ಟವನಲ್ಲ. ಅವನ ಕಣ್ಣಲ್ಲಿ ನೀರಿತ್ತು. ಅವನ ಮಾತು ಸುಲಭ ಇತ್ತು. ಗುಳಿಗೆ ನನ್ನ ಚೀಲದಲ್ಲಿತ್ತು. ಚಹಾದ ಸಂಗಡ ಕೊಟ್ಟರೆ ಆಯಿತು. ಅವಳು ಕೇಳುತ್ತಿರಲಿಲ್ಲ. ಬಸ್ಸಿನಲ್ಲಿ ಬರುವಾಗ ನಾನೂ ಅದನ್ನೇ ಎಣಿಸಿದ್ದೆ, ಸುಳ್ಳು ಯಾಕೆ ಹೇಳಲಿ. ಕುಂದಗೋಳ ದಾಟುವ ತನಕ ಹೇಳುವುದಿಲ್ಲ ಅಂತಲೇ ಇದ್ದೆ.

"ನಾ ಸತ್ತ ದಿನಾ ಅಕಿಗೆ ಗುಳಿಗಿ ಯಾರ ಕೊಡಾವ್ರು ಸಣ್ಣಮಾಮಾ?" ಅಂದೆ.

ಅವನು ಕಟ್ಟೆಯಿಂದ ಎದ್ದು ನಿಂತ.

"ಗಿಡದ ಕೆಳಗ ನಡಿ ನೀ," ಅಂದು ಒಳಗೆ ಹೋದೆ.

ಶೈಲಶ್ರೀ ಅಡುಗೆಮನೆಯಲ್ಲಿ ಭಾಂಡೆ ತೊಳೆಯುತ್ತಿದ್ದಳು. ಕೈ ಒರೆಸಿಕೊಂಡು ಬಾ ಅಂದೆ. ನೆಲದ ಮೇಲೆ ಕೂಡಿಸಿದೆ. ಎದುರಿಗೆ ಕೂತೆ.

"ಏನ ಉಂಡಿ ಮುಂಜಾನೆ?"

ಅವಳ ಮುಖ ಬಿಳಿಚಿತು. ಎಷ್ಟು ರವಿವಾರ ಆ ಮಾತನ್ನು ಕೇಳಿ ಬೆಳೆದವಳು. ಆ ಮಾತಿನ ಹಿಂದೆ ಏನು ಬರುತ್ತದೆ ಅವಳಿಗೆ ಗೊತ್ತು.

"ಯಾರಿಗೇನಾಗೇತಿ ಯವ್ವಾ?"

"ಮೊದಲ ಉಣ್ಣು."

"ನಾ ಒಲ್ಲೆ. ಹೇಳು."

ಮೊಸರನ್ನ ಕಲಸಿ ಕೊಟ್ಟೆ. ನಾಲ್ಕು ತುತ್ತು ಉಂಡಳು. ಮುಷ್ಟಿ ಹಿಡಿ ಅಂದೆ. ಹಿಡಿದಳು. "ನಿನ್ನ ಹಾರ್ಟ್ ಇಷ್ಟ ದೊಡ್ಡದು. ಅದು ಸ್ವಲ್ಪ ಹಿಗ್ಗೇತಿ." ಅವನು ಹೇಳುತ್ತಿದ್ದ ಹಾಗೆಯೇ ಹೇಳಿದೆ. ಅಜ್ಜಿಯದು ಹೇಳಿದೆ, ಅಪ್ಪನದು ಹೇಳಿದೆ. ಗುಳಿಗೆಯ ಚೀಟಿ ತೋರಿಸಿದೆ. ತಗೊಂಡರೆ ಹಿಡಿದಿಡಬಹುದು ಅಂತ ಮೇಡಂ ಅಂದದ್ದು ಹೇಳಿದೆ. ಎಷ್ಟು ವರ್ಷ ಅಂತ ಕೇಳಬೇಡ, ಅವರಿಗೂ ಗೊತ್ತಿಲ್ಲ, ಅದನ್ನೂ ಹೇಳುತ್ತಿದ್ದೇನೆ ಅಂದೆ.

ಅವಳು ಮುಷ್ಟಿ ಬಿಚ್ಚಲಿಲ್ಲ. "ವಿಟಮಿನ್ನು ಅಂದಿದ್ದ ಅಪ್ಪ."

"ಹೂಂ."

"ನಿನಗ ಗೊತ್ತಿತ್ತ?"

"ಇಲ್ಲ."

"ಖರೇನ?"

ಅದು ನನಗೆ ಚುಚ್ಚಿತು. ಅವನು ಮಾಡಿದ್ದು ಇದು. ಇನ್ನು ನಾನು ಏನು ಹೇಳಿದರೂ ಈ ಹುಡುಗಿ ಒಂದು ಸಲ 'ಖರೇನ' ಅನ್ನುತ್ತಾಳೆ. ಒಳಖೋಲಿಗೆ ಕರೆದೊಯ್ದು ನಾಲ್ಕೂ ಕ್ಯಾಲೆಂಡರ್ ತೋರಿಸಿದೆ. ನಿಂತು ಓದಿದಳು. ಕಡೆಯ ವಾರದ ಮೇಲೆ ಬೆರಳಿಟ್ಟು, "ಇಷ್ಟ ಏರಿದ್ರ ಮಂದಿಗೆ ಬಯ್ಯತಿದ್ದ," ಅಂದಳು. ಮಾಳಿಗೆ ಹತ್ತಿ ಹೋದಳು. ಆ ದಿನ ನನ್ನ ಸಂಗಡ ಮಾತಾಡಲಿಲ್ಲ. ನಾನು ಕರೆಯಲಿಲ್ಲ.

ಮರುದಿನ ಮುಂಜಾನೆ ನಾನು ಎದ್ದಾಗ ಒಳಖೋಲಿಯ ಮಷೀನು ಪಡಸಾಲಿಯ ನಡುವೆ ಇತ್ತು. ಅವಳು ಅದರ ಬಾಜು ಬರಿಗಾಲಿನಲ್ಲಿ ನಿಂತಿದ್ದಳು. "ಚಹಾ ಆಮ್ಯಾಲ ಮಾಡು. ಮೊದಲ ನೋಡು," ಅಂದಳು.

ಈಗ ಮೂರು ತಿಂಗಳಾಯಿತು. ಹುಲಿಗೇಶ ಇನ್ನೂ ಬಸ್ಸು ಕಾಯುತ್ತಿದ್ದಾನೆ, ದವಾಖಾನಿಯಲ್ಲಿ ಬೇರೆಯವರು ಅವನ ಕೈ ಹಿಡಿದಿದ್ದಾರೆ. ಸಂಗನಬಸವ ಊಟಕ್ಕೆ ಬರುತ್ತಾನೆ, ಬಡಿಸುತ್ತೇನೆ. ಫ್ಲೆಕ್ಸು ಬಿಸಿಲಿಗೆ ಬೆಳ್ಳಗಾಗಿದೆ, ಅಕ್ಷರ ಇನ್ನೂ ಕಾಣುತ್ತವೆ. ಅವನು ಯಾಕೆ ಹೇಳಲಿಲ್ಲ ಅಂತ ಮಂದಿ ನನಗೆ ಹೇಳಲು ಬರುತ್ತಾರೆ. ಪ್ರೀತಿ ಅನ್ನುತ್ತಾರೆ. ಮರೆವ್ವನಷ್ಟು ಗಟ್ಟಿ ಅಂತ ಅವನು ನನ್ನನ್ನು ತಿಳಿಯಲಿಲ್ಲ, ಅಷ್ಟೇ. ನೆಲದ ಮೇಲೆ ಕೂತು, ಏನು ಉಂಡಿ ಅಂತ ನನ್ನನ್ನೂ ಒಂದು ದಿನ ಕೇಳಬೇಕಾಗಿತ್ತು.

ಶೈಲಶ್ರೀಯ ಕಾಲೇಜಿನ ಬಸ್ಸು ಏಳೂವರೆಗೆ. ಆರಕ್ಕೆ ಮಷೀನು ಬಾಗಿಲ ಎದುರಿಗೆ ಬೆಳಕಿನಲ್ಲಿ ಇಡುತ್ತೇನೆ. ನೆಲ ಸಪಾಟು ಇದೆಯೋ ಕೈಯಿಂದ ಸವರಿ ನೋಡುತ್ತೇನೆ. ಅವಳು ಹತ್ತುತ್ತಾಳೆ. ಬಗ್ಗಿ ಅಂಕಿ ನೋಡಿ ದೊಡ್ಡದಾಗಿ ಓದುತ್ತೇನೆ, ಅವಳಿಗೆ ಕೇಳುವಂತೆ. ಕಾಲು ಒತ್ತಿ ನೋಡುತ್ತೇನೆ. ಗುಳಿಗೆ ಕೊಡುತ್ತೇನೆ, ಹೆಸರು ಹೇಳಿ. ಇವತ್ತು ಐವತ್ತೊಂದು ಪಾಯಿಂಟ್ ಎರಡು. ನಿನ್ನೆಯೂ ಅಷ್ಟೇ. ಪಡಸಾಲಿಯ ಕ್ಯಾಲೆಂಡರಿನಲ್ಲಿ ಬರೆದು, ಸೆರಗಿನಿಂದ ಗಾಜು ಒರೆಸಿ, ಮಷೀನನ್ನು ಗೋಡೆಗೆ ಆನಿಸಿಟ್ಟೆ.